ಹೆಗಲ ಮೇಲಿನ ಸುಣ್ಣ

ಅವಳ ಬಲ ಹೆಗಲಿಗೆ ಸುಣ್ಣ ಮೆತ್ತಿದೆ, ಹಜಾರದ ಗೋಡೆಗೆ ಒರಗಿ ಬೂಟಿನ ಲೇಸು ಕಟ್ಟುತ್ತಿದ್ದಾಳೆ ಮಗಳು, ಹೊಸ ಸಮವಸ್ತ್ರ, ಅದಕ್ಕೆ ಆಗಲೇ ಕಲೆ — ಕೊಡವಬೇಕು, ಕೈ ಏಳುತ್ತಿಲ್ಲ, ಹೊರಗೆ ಜೀಪು ಗುರ್ರೆನ್ನುತ್ತಿದೆ, ಇವಳನ್ನು ಗಡಿಗೆ, ಅಲ್ಲಿಂದ ಯಾವುದೋ ಊರಿನ ಬೀದಿ ಕಾಳಗಕ್ಕೆ ಒಯ್ಯಲು ಬಂದ ಜೀಪು, ಇದೇ ಗೋಡೆ ಹಿಡಿದು ಇವಳು ನಡೆಯಲು ಕಲಿತದ್ದು, ಅಡುಗೆಮನೆಯಿಂದ ಅವಳಮ್ಮ ಕೂಗುತ್ತಿದ್ದಳು, ಗೋಡೆ ಹಿಡ್ಕೋ ಪುಟ್ಟಿ, ಬಿದ್ದೀಯಾ, ಆಮೇಲೆ ತರಬೇತಿ ಮೈದಾನದಲ್ಲಿ ನಾನು ಕೂಗಿದ್ದೂ ಅದನ್ನೇ, ಗೋಡೆ ಹಿಡೀರೋ, ಬೀದಿ ನಡುವೆ ಓಡಾಡೋಕೆ ಇದೇನು ನಿಮ್ಮ ಮಾವನ ಮನೆಯಾ, ಹುಡುಗರು ನಗುತ್ತಲೇ ಗೋಡೆ ಹಿಡಿಯುತ್ತಿದ್ದರು, ಎಷ್ಟು ತಂಡ ಬಂದು ಹೋದವೋ, ಕೊನೆಯದರಲ್ಲಿ ಇವಳೂ ಇದ್ದಳು.

ಎಲ್ಲಿ ಕಲಿತೆ ನಾನು ಆ ಪಾಠ — ಒಂದೇ ಒಂದು ಬೀದಿಯಲ್ಲಿ, ಮೊದಲ ಕಾಳಗ, ನಡುವೆ ಓಡಿದವರು ಬಿದ್ದರು, ಗೋಡೆಗೆ ಅಂಟಿದ ನಾನೂ ಮೂಗನೂ ಉಳಿದೆವು, ಬಾಯಿಗೆ ಬೀಗವೇ ಇಲ್ಲದ ಗೆಳೆಯನಿಗೆ ನಾವಿಟ್ಟ ಹೆಸರು ಮೂಗ, ನೋಡಿದ್ಯಾ, ಗೋಡೆ ನಮ್ಮಪ್ಪ ಕಣೋ ಅಂದಿದ್ದ, ಮೇಲಿನವರು ಬೆನ್ನು ತಟ್ಟಿದರು, ಅದೇ ಪಾಠವಾಯಿತು, ಆದರೆ ಆಚೆಯವರಿಗೂ ಕಣ್ಣಿತ್ತಲ್ಲ, ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು, ಮುಂದಿನ ಊರಿನಲ್ಲಿ ಗುರಿಯಿಟ್ಟದ್ದೇ ಗೋಡೆಗೆ, ಓರೆಯಾಗಿ ತಗುಲಿದ ಗುಂಡು ಗೋಡೆಗುಂಟ ಜಾರಿಕೊಂಡು ಬರುತ್ತದೆ, ಮೂಗ ಗೋಡೆ ಬಿಡಲಿಲ್ಲ, ಮಗ್ಗುಲಾಗಿ ಮಲಗಿದ್ದ, ಬಾಯಿ ಮುಚ್ಚಿತ್ತು, ಹೆಗಲ ತುಂಬ ಸುಣ್ಣ, ಅವನ ಗ್ರಹಚಾರ ಎಂದೆವು, ಪಾಠವನ್ನು ಯಾರೂ ಅನುಮಾನಿಸಲಿಲ್ಲ, ಸತ್ತವರು ಎದ್ದು ಬಂದು ಪಾಠ ಹೇಳುವುದಿಲ್ಲವಲ್ಲ, ನಮ್ಮ ಅದೃಷ್ಟಕ್ಕೆ ಜಾಣತನ ಎಂದು ಹೆಸರಿಟ್ಟು ಇಷ್ಟು ವರ್ಷ ಕಲಿಸಿದೆ — ಹಾರನ್ ಹೊಡೆಯುತ್ತಿದ್ದಾರೆ, ಎದ್ದಳು, ಬರ್ತೀನಪ್ಪಾ, ಹೆದರ್ಬೇಡ, ನೀನು ಹೇಳಿದ ಹಾಗೇ ಗೋಡೆ ಹಿಡೀತೀನಿ, ಬೇಡ ಪುಟ್ಟಿ, ಗೋಡೆ ಹಿಡೀಬೇಡ, ನನ್ನ ಬಾಯಿಂದಲೇ ಬಂತು, ಮತ್ತೇನು ಹಿಡೀಲಪ್ಪಾ ಎಂದಳು, ನಕ್ಕಳು, ಆಮೇಲೆ ನಗಲಿಲ್ಲ, ಕಾಯುತ್ತಿದ್ದಾಳೆ, ಬೀದಿ ನಡುವೆ ನಡೆ ಎನ್ನಲೇ, ಅಲ್ಲಿ ಬಿದ್ದವರನ್ನೂ ಕಂಡವನು ನಾನು, ನನ್ನ ಹತ್ತಿರ ಇನ್ನೊಂದು ಪಾಠವಿಲ್ಲ, ಕೈ ಎತ್ತಿ ಕೊಡವುತ್ತೇನೆ, ಹೋಗುತ್ತಿಲ್ಲ, ಉಜ್ಜಿದಷ್ಟೂ ಹರಡುತ್ತದೆ, ಬಿಡಪ್ಪಾ, ಹೊತ್ತಾಯ್ತು, ನಾನು ಬಿಡುವುದಿಲ್ಲ, ಬಲ ಹೆಗಲು, ಸುಣ್ಣ, ಹೆಗಲ ತುಂಬ ಸುಣ್ಣ —