ಕೊರಳಪಟ್ಟಿಯ ಸಾಕ್ಷಿ

"ಅಗಸನ ಬಡಿವಾರವೆಲ್ಲ ಹೆರರ ಬಟ್ಟೆ ಮೇಲೆ ಅಂತ ಸುಮ್ನೆ ಹೇಳಿದಾರಾ? ನೋಡ್ರೋ ಇವಳನ್ನ! ಮೈಮೇಲಿನ ಕೋಟು ಯಾರದ್ದೋ, ಕಾಲಲ್ಲಿರೋ ಬೂಟು ಯಾರದ್ದೋ. ಕಾರ್ಡು ಮಾತ್ರ ಸ್ವಂತದ್ದು ಬೇಕಂತೆ ಮಹಾರಾಣಿಗೆ!"

ದೊಡ್ಡಮನೆ ಯಜಮಾನರು ಇದನ್ನು ಸಾಲಿನಲ್ಲಿದ್ದ ನಲವತ್ತು ಜನರಿಗೂ ಕೇಳುವಂತೆಯೇ ಹೇಳಿದರು. ಕೋಟು, ಬೂಟು ಎರಡೂ ಶಿಬಿರದಲ್ಲಿ ಹಂಚಿದ್ದವು. ಯಜಮಾನರ ಕೋಟೂ ಅದೇ ರಾಶಿಯದು. ಅವರು ರಾಶಿಯ ಮೇಲಿನಿಂದ ಆರಿಸಿಕೊಂಡಿದ್ದರು, ನಾವು ತಳದಿಂದ. ಯುದ್ಧ ಎಲ್ಲರನ್ನೂ ಸಮ ಮಾಡುತ್ತದೆ ಎಂದು ಎಲ್ಲೋ ಓದಿದ್ದೆ. ನಾನು ಓದಿದ್ದೆಲ್ಲ ಇಸ್ತ್ರಿ ಬಟ್ಟೆ ಸುತ್ತಿಕೊಡುವ ಹಳೇ ಪೇಪರಿನಲ್ಲಿ. ಆ ಲೇಖನದ ಉಳಿದರ್ಧ ಯಾರದ್ದೋ ಪ್ಯಾಂಟಿನ ಜೊತೆ ಹೊರಟುಹೋಗಿತ್ತು. ಹಾಗಾಗಿ ಅದು ಹೇಗೆ ಮುಗಿಯಿತೋ ಗೊತ್ತಿಲ್ಲ.

ಅತ್ತಿಗೆ ತಿರುಗಿ ನೋಡಲಿಲ್ಲ. ಅವಳ ಕೈಯಲ್ಲಿ ಮೂವತ್ತೆಂಟನೇ ನಂಬರಿನ ಚೀಟಿ ಇತ್ತು. ಬೆವರಿಗೆ ಅದು ಮೆತ್ತಗಾಗಿತ್ತು.

ನಾವು ನಿಂತಿದ್ದ ಜಾಗ ಮೊದಲು ಬಾಸ್ಕೆಟ್‌ಬಾಲ್ ಆಡುವ ಹಾಲ್. ನೆಲದ ಮೇಲೆ ಆಟದ ಬಿಳಿ ಗೆರೆಗಳು ಇನ್ನೂ ಇದ್ದವು, ಸಾಲು ಅವುಗಳ ಮೇಲೇ ನಿಲ್ಲಬೇಕು. ಬುಟ್ಟಿಯ ಕೆಳಗೆ ಕೌಂಟರು. ನಮ್ಮ ನಾಡಿನಿಂದ ಓಡಿಬಂದವರಿಗೆ ಇವರು ಕೊಡುವುದನ್ನು ತಾತ್ಕಾಲಿಕ ರಕ್ಷಣೆ ಎನ್ನುತ್ತಾರೆ. ಒಂದು ವರ್ಷದ ಕಾರ್ಡು. ಕಾರ್ಡಿದ್ದರೆ ಇರಬಹುದು, ದುಡಿಯಬಹುದು, ಜ್ವರ ಬಂದರೆ ಡಾಕ್ಟರಿಗೆ ತೋರಿಸಬಹುದು. ಯುದ್ಧ ಶುರುವಾದ ದಿನ ನೀವು ಅಲ್ಲಿ ವಾಸವಿದ್ದಿರಿ ಎಂಬುದಕ್ಕೆ ಸಾಕ್ಷಿ ಬೇಕು. ಅರ್ಜಿಗೆ ಇವತ್ತೇ ಕೊನೆಯ ದಿನ, ನಾಲ್ಕಕ್ಕೆ ಕೌಂಟರು ಮುಚ್ಚುತ್ತದೆ. ಕಾರ್ಡಿಲ್ಲದವರನ್ನು ನಾಳೆ ಬೆಳಿಗ್ಗೆ ಬಸ್ಸು ಹತ್ತಿಸಿ ಗಡಿಗೆ ವಾಪಸು ಬಿಡುತ್ತಾರೆ. ಅಣ್ಣ ಆ ಗಡಿಯ ಆಚೆಗೇ ಉಳಿದ, ರಸ್ತೆಯ ಪಕ್ಕ, ಎರಡು ಅಡಿ ಆಳದಲ್ಲಿ. ಅತ್ತಿಗೆಗೆ ಕಾರ್ಡಾದರೆ ಮೈದುನನಾದ ನನಗೂ ಆಯಿತು. ಅವಳಿಗಿಲ್ಲವೆಂದರೆ ಇಬ್ಬರಿಗೂ ಬಸ್ಸು.

ಯಜಮಾನರು ಊರಿನ ಅಧ್ಯಕ್ಷರಾಗಿದ್ದವರು. ಓಡುವಾಗ ಹೆಂಡತಿಯ ಒಡವೆ ಮರೆತರು, ಆದರೆ ಅಧ್ಯಕ್ಷರ ಸೀಲು ಜೇಬಿಗೆ ಹಾಕಿಕೊಂಡರು. ದೂರದೃಷ್ಟಿ ಎಂದರೆ ಅದು. ಇಲ್ಲಿಯವರು ಸೀಲು ನೋಡಿದ್ದೇ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಟ್ಟರು. ನಮ್ಮೂರಿನವರಲ್ಲಿ ಯಾರ ಬಳಿ ಕಾಗದ ಇಲ್ಲವೋ ಅವರಿಗೆಲ್ಲ ಯಜಮಾನರ ತಲೆಯಾಡಿಸುವಿಕೆಯೇ ಕಾಗದ.

ಅವರು ಎದ್ದು ಬಂದು ಅತ್ತಿಗೆಯ ಪಕ್ಕ ನಿಂತರು. ದನಿ ಈಗ ಇಳಿದಿತ್ತು.

"ಕೊನೇ ಸಲ ಹೇಳ್ತಿದೀನಿ. ನಮ್ಮನೆ ಆಶ್ರಿತರು ಅಂತ ಬರೆಸ್ತೀನಿ ನಿಮ್ಮಿಬ್ಬರನ್ನೂ. ಇಲ್ಲಿ ನಮಗೊಂದು ಮನೆ ಕೊಡ್ತಾರೆ, ಹಿಂದ್ಗಡೆ ರೂಮಲ್ಲಿ ಬಿದ್ಕೊಂಡಿರಿ. ನಮ್ಮನೆ ಅಮ್ಮಾವರಿಗೆ ಸೋಪಿನ ನೀರಲ್ಲಿ ಕೈಯೆಲ್ಲ ಬಿರಿದುಹೋಗಿದೆ."

"ಅಯ್ಯೋ ಪಾಪ," ಅಂದಳು ಅತ್ತಿಗೆ. "ನಂದು ಬಿರಿದು ಇಪ್ಪತ್ತು ವರ್ಷ ಆಯ್ತು. ಅವರಿಗೂ ಅಭ್ಯಾಸ ಆಗುತ್ತೆ ಬಿಡಿ."

"ಕೊಬ್ಬು! ಊರು ಸುಟ್ಟರೂ ನಿನ್ನ ಕೊಬ್ಬು ಸುಡಲಿಲ್ಲ ನೋಡು."

ಆಶ್ರಿತರ ಕಾರ್ಡು ಎಂದರೇನೆಂದು ದುಭಾಷಿ ಮೊದಲೇ ಬಿಡಿಸಿ ಹೇಳಿದ್ದ. ಯಜಮಾನನ ಮನೆ ಬಿಟ್ಟ ದಿನ ಕಾರ್ಡೂ ರದ್ದು. ಊರಲ್ಲಿ ನಮ್ಮನ್ನು ಕಟ್ಟಿಹಾಕಲು ಯಜಮಾನರು ಅಷ್ಟಿಷ್ಟು ಶ್ರಮಪಡಬೇಕಿತ್ತು. ಇಲ್ಲಿ ಸರ್ಕಾರವೇ ಹಗ್ಗ ಕೊಡುತ್ತಿತ್ತು.

ಮೂವತ್ತೆಂಟು ಎಂದು ಕೂಗಿದಾಗ ಮೂರು ಗಂಟೆ ದಾಟಿತ್ತು.

ಕೌಂಟರಿನಾಕೆ ನಮ್ಮ ಮುಖ ನೋಡುವ ಗೋಜಿಗೆ ಹೋಗದೆ ಫಾರಂ ಎಳೆದುಕೊಂಡಳು. ದುಭಾಷಿ ನಮ್ಮ ಕಡೆಯವನೇ, ಇಲ್ಲಿಗೆ ಬಂದು ನರೆತವನು. ನೆಗಡಿಯಾಗಿ ಮೂಗು ಒರೆಸುತ್ತ ಕೂತಿದ್ದ.

"ಮನೆ ನಂಬರು ಕೇಳ್ತಿದಾರಮ್ಮ."

"ದೊಡ್ಡಮನೆ ಹಿತ್ತಿಲು. ಬಾವಿ ಪಕ್ಕದ ಶೆಡ್ಡು."

"ನಂಬರು, ನಂಬರು."

"ಶೆಡ್ಡಿಗೆ ಯಾರಪ್ಪಾ ನಂಬರು ಹೊಡೀತಾರೆ? ದನದ ಕೊಟ್ಟಿಗೆಗೆ ಹೊಡೆದಿದ್ರು, ಸಾಲಲ್ಲಿ ನಮ್ಮದು ಅದರ ಪಕ್ಕದ್ದು ಅಂತ ಬರಕೋ."

"ಕರೆಂಟು ಬಿಲ್ಲು?"

"ತಂತಿ ಅವರ ಮನೆಯಿಂದ ಎಳೆದಿದ್ದು. ಅವರಿಗೆ ಸಿಟ್ಟು ಬಂದ್ರೆ ನಮಗೆ ಕತ್ತಲೆ."

ದುಭಾಷಿ ಇದನ್ನು ಅವರ ಭಾಷೆಯಲ್ಲಿ ಏನೆಂದು ಹೇಳಿದನೋ, ಆಕೆ 'ಇಲ್ಲ' ಎಂಬ ಚೌಕದೊಳಗೆ ಗೀಟು ಎಳೆದಳು. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಗೀಟು ಬಿದ್ದವು. ಆಮೇಲೆ ಪೆನ್ನಿನಿಂದ ಯಜಮಾನರತ್ತ ತೋರಿಸಿದಳು. ಈಕೆ ನಿಮಗೆ ಗೊತ್ತೇ?

ಯಜಮಾನರು ಕನ್ನಡಕ ಹಾಕಿಕೊಂಡರು. ಸಂತೆಯಲ್ಲಿ ಕೊಳ್ಳುವ ಮನಸ್ಸಿಲ್ಲದ ಎಮ್ಮೆಯನ್ನು ನೋಡುವಂತೆ ಅತ್ತಿಗೆಯನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಇಲ್ಲಪ್ಪ. ನೋಡಿದ ನೆನಪೇ ಇಲ್ಲ. ಇಂಥಾ ಹೊತ್ತಲ್ಲಿ ಯಾವ್ಯಾವ ಕಡೆಯೋರೋ ನಮ್ಮೂರೋರು ಅಂತ ಸೇರ್ಕೊಂಡುಬಿಡ್ತಾರೆ."

ಹಾಗೆಂದು ಬರೆದ ಕಾಗದಕ್ಕೆ ಸಹಿ ಹಾಕಿ, ಸೀಲನ್ನು ಬಾಯಿಂದ ಒಮ್ಮೆ ಊದಿ ಒತ್ತಿದರು. ಸ್ವಲ್ಪ ಹೊತ್ತಿನ ಹಿಂದೆ ಅವಳ ಜಾತಕವನ್ನೇ ಬಿಚ್ಚಿಟ್ಟಿದ್ದ ಬಾಯಿ ಅದು. ಅದನ್ನು ಕೇಳಿದ್ದ ನಲವತ್ತು ಜನ ನೆಲದ ಬಿಳಿ ಗೆರೆಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು. ಅವರ ಅರ್ಜಿಗಳೂ ಇನ್ನೂ ಬಾಕಿ ಇದ್ದವು.

"ಲೇ ಬೋಳಿಮಗನೇ!" ಎಂದು ನಾನು ನುಗ್ಗಿದೆ. ಬಾಗಿಲ ಕಾವಲಿನವನು ಎರಡು ಹೆಜ್ಜೆ ಮುಂದೆ ಬಂದ. ಅತ್ತಿಗೆ ನನ್ನ ತೋಳು ಹಿಡಿದೆಳೆದಳು.

"ಸುಮ್ನಿರೋ. ಇಸ್ತ್ರಿ ಪೆಟ್ಟಿಗೆ ಥರ ಸುಮ್‌ಸುಮ್ನೆ ಬಿಸಿಯಾಗ್ತಾನೆ." ದುಭಾಷಿಯ ಕಡೆ ಬಾಗಿದಳು. "ಅಣ್ಣಾ, ಈ ಕೌಂಟರಿನ ಅಮ್ಮಾವರಿಗೆ ಒಂದು ಮಾತು ಹೇಳು. ಸಾಲಲ್ಲಿ ಮೂರನೆಯೋನು, ಬೇಕರಿಯೋನು. ಅವನ ಕಾಲರ್ ಒಳಗೆ ಇಲಿ ಚಿತ್ರ ಇದೆ. ನೋಡಿ ಅನ್ನು."

ದುಭಾಷಿ ಮೂಗು ಒರೆಸುವುದನ್ನು ನಿಲ್ಲಿಸಿದ.

ಅತ್ತಿಗೆಗೆ ಅಕ್ಷರ ಬಾರದು. ಯಾವ ಅಂಗಿ ಯಾವ ಮನೆಯದೆಂದು ತಿಳಿಯಲು ಮನೆಗೊಂದು ಚಿತ್ರ ಇಟ್ಟಿದ್ದಳು. ಕೊರಳಪಟ್ಟಿಯ ಒಳಮಗ್ಗುಲಲ್ಲಿ, ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯಲ್ಲಿ, ಉಗುರಿನಷ್ಟು ಗಾತ್ರದ್ದು. ಅಗಸರ ಗುರುತನ್ನು ಬಟ್ಟೆಯ ಒಡೆಯರು ಯಾರೂ ನೋಡುವುದಿಲ್ಲ. ಅದು ನಮ್ಮ ಬಳಕೆಗೆ, ಕೊಳೆಯಂತೆ. ಯುದ್ಧ ಶುರುವಾದ ದಿನ ಬೆಳಿಗ್ಗೆ ನಾನೂ ಅತ್ತಿಗೆಯೂ ಒಗೆದ ಗಂಟುಗಳನ್ನು ಮನೆಮನೆಯ ಬಾಗಿಲಲ್ಲಿಟ್ಟು ಬಂದಿದ್ದೆವು. ಒಂದು ಗಂಟೆಯೊಳಗೆ ಬಾಂಬು ಬಿತ್ತು. ಜನ ಕೈಗೆ ಸಿಕ್ಕ ಗಂಟು ಹೊತ್ತು ಓಡಿದರು. ಬಾಗಿಲಲ್ಲಿ ಕೈಗೆ ಸಿಕ್ಕಿದ್ದು ನಮ್ಮದೇ ಗಂಟು.

ಕೌಂಟರಿನಾಕೆ ಬೇಕರಿಯವನನ್ನು ಕರೆದು ಕೊರಳಪಟ್ಟಿ ಮಗುಚಿದಳು. ಇಲಿ ಇತ್ತು, ಮೀಸೆ ಸಮೇತ.

"ಥೂ, ಇದ್ಯಾವಾಗ ಬರೆದೆಯೇ?" ಎಂದ ಬೇಕರಿಯವನು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬೊಬ್ಬರ ಕೈಯೂ ತಂತಮ್ಮ ಕೊರಳಿನ ಕಡೆ ಮೆಲ್ಲಗೆ ಹೋಯಿತು.

ಆಕೆ ನಗಲಿಲ್ಲ. ದುಭಾಷಿ ಅವಳ ಮಾತನ್ನು ತಿರುಗಿಸಿದ: "ನೀನು ಬಟ್ಟೆ ಒಗೆದಿದ್ದಕ್ಕೆ ಇದು ಸಾಕ್ಷಿಯಂತೆ. ಆ ದಿನ ಅಲ್ಲೇ ಇದ್ದೆ ಅನ್ನೋದಕ್ಕೆ?"

"ಅಂಗಿ ಕೆಳಗಡೆ ಹೊಲಿಗೇಲಿ ಹಳದಿ ದಾರ ಇದೆಯಾ ನೋಡಿ ಅನ್ನು."

ಇತ್ತು. ವಾರವಾರದ ಒಗೆತ ಬೆರೆಯದಿರಲೆಂದು ಪ್ರತಿ ವಾರಕ್ಕೂ ಒಂದು ಬಣ್ಣದ ದಾರ ಕಟ್ಟುತ್ತೇವೆ, ಮನೆಗೆ ಕೊಡುವ ಮೊದಲು ಕತ್ತರಿಸುತ್ತೇವೆ. ದಾರ ಬಿಟ್ಟು ಕೊಟ್ಟರೆ ಕಸುಬುಗೇಡಿ ಎನ್ನಿಸಿಕೊಳ್ಳಬೇಕು. ಆ ವಾರದ್ದು ಹಳದಿ. ಆ ಬೆಳಿಗ್ಗೆ ದೂರದಲ್ಲಿ ಗುಡುಗಿದಂತಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅತ್ತಿಗೆ ದಾರ ಕತ್ತರಿಸದೆ ಗಂಟು ಕಟ್ಟಿದಳು. ಇದನ್ನು ದುಭಾಷಿಯಿಂದ ಕೌಂಟರಿನಾಕೆಗೆ ಹೇಳಿಸಿದಳು.

"ಗಂಟು ಆವತ್ತು ಬೆಳಿಗ್ಗೆಯೇ ಬಂತಾ ಅಂತ ಇವನನ್ನ ಕೇಳ್ತಿದಾರೆ," ಎಂದ ದುಭಾಷಿ.

ಬೇಕರಿಯವನು ಕುರ್ಚಿಯ ಕಡೆ ನೋಡಿದ. ಯಜಮಾನರು ಸೀಲನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

"ನನಗೇನು ನೆನಪಿಲ್ಲಪ್ಪ," ಎಂದು ಇಲಿ ತನ್ನ ಬಿಲಕ್ಕೆ, ಅಂದರೆ ಸಾಲಿಗೆ, ಹಿಂತಿರುಗಿತು.

ಮೂರೂವರೆ. ಆಕೆ ಫಾರಮನ್ನು ಅರ್ಧಕ್ಕೆ ಮಡಚಿದ್ದಳು, ಆಗ ಮೇಷ್ಟ್ರು ಸಾಲು ಬಿಟ್ಟು ಬಂದರು. ನಮ್ಮೂರ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು.

"ನಂದೂ ನೋಡ್ಲಿ," ಎಂದು ತಾವೇ ಅಂಗಿ ಬಿಚ್ಚಿ ಕೌಂಟರಿನ ಮೇಲಿಟ್ಟರು. ಬನಿಯನ್ನಿನಲ್ಲಿ ಅವರು ತೀರಾ ಸಣ್ಣಗೆ ಕಂಡರು. ಕೊರಳಪಟ್ಟಿ ಮಗುಚಿ ಕಣ್ಣಿನ ಹತ್ತಿರ ಹಿಡಿದರು. ಬಾಲ ಮುದುರಿಕೊಂಡ ನಾಯಿ.

"ಇದು ನಾನೇನಮ್ಮಾ?"

"ಹೂಂ, ಮೇಷ್ಟ್ರೇ."

"ಯಾಕೆ?"

"ಅಂಗಿ ಸುಟ್ಟಿತು ಅಂತ ದೊಡ್ಡಮನೆಯೋರು ನನ್ನ ಗಂಡನ್ನ ಕಂಬಕ್ಕೆ ಕಟ್ಟಿ ಹೊಡೆಸಿದ್ರಲ್ಲ. ನೀವು ಅವರ ಜಗಲಿ ಮೇಲೆ ಪೇಪರು ಓದ್ತಾ ಕೂತಿದ್ರಿ."

ಅಂಗಿ ಸುಟ್ಟಿದ್ದು ನನ್ನ ಇಸ್ತ್ರಿ ಪೆಟ್ಟಿಗೆ. ಅಣ್ಣ ನನ್ನ ಹೆಸರು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನ್ನ ಅಂಗಿಗೆ ಅತ್ತಿಗೆ ಯಾವ ಗುರುತೂ ಹಾಕಿಲ್ಲ. ಮನೆಯವರ ಬಟ್ಟೆಗೆ ಹಾಕುವ ಪದ್ಧತಿ ಇಲ್ಲ.

ಮೇಷ್ಟ್ರು ನಾಯಿಯನ್ನು ಇನ್ನೊಂದು ಗಳಿಗೆ ನೋಡಿದರು. "ಕಿವಿ ಚೆನ್ನಾಗಿ ಬಂದಿದೆ," ಎಂದರು. ದುಭಾಷಿಯ ಕಡೆ ತಿರುಗಿದರು. "ಬರಕೊಳ್ಳಪ್ಪ. ಗಂಟು ನಮ್ಮನೆಗೆ ಬಂದದ್ದು ಅದೇ ದಿನ, ಬೆಳಿಗ್ಗೆ ಏಳಕ್ಕೆ. ತಂದಿಟ್ಟವಳು ಇವಳೇ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

"ಮೇಷ್ಟ್ರೇ," ಎಂದರು ಯಜಮಾನರು ಕುರ್ಚಿಯಿಂದಲೇ. "ನಿಮ್ಮ ಅರ್ಜಿ ಇನ್ನೂ ನನ್ನ ಮುಂದೆ ಬರಬೇಕು. ಜ್ಞಾಪಕ ಇದೆ ತಾನೇ?"

"ಇದೆ," ಎಂದರು ಮೇಷ್ಟ್ರು. ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ಆಕೆ ಮೇಷ್ಟ್ರ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಚೀಟಿ ಅಂಟಿಸಿದಳು. ಎರಡು ಬೆರಳು ಎತ್ತಿದಳು.

"ಎರಡು ಸಾಕ್ಷಿ ಬೇಕಂತೆ," ಎಂದ ದುಭಾಷಿ. "ನೆನಪಿಲ್ಲ ಅಂದೋನದ್ದು ಲೆಕ್ಕಕ್ಕಿಲ್ಲ, ಇನ್ನೊಂದಿದ್ರೆ ತೊಗೊಂಡ್ಬಾ. ವಸ್ತು ಇಲ್ಲೇ ಕೊಡ್ಬೇಕು, ಫೋಟೋ ಗೀಟೋ ನಡೆಯಲ್ಲ. ಹದಿನೈದು ನಿಮಿಷ ಇದೆ."

ಅತ್ತಿಗೆ ಸಾಲಿನ ಕಡೆ ನೋಡಲೇ ಇಲ್ಲ.

"ಇನ್ನೊಂದು ಆ ಕುರ್ಚಿ ಮೇಲಿದೆ. ಆ ನೀಲಿ ಗೀಟಿನ ಅಂಗಿ, ಹಳದಿ ದಾರ. ಕಾಲರ್ ಒಳಗೆ ಜಿಗಣೆ."

ಜಿಗಣೆಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ ದುಭಾಷಿಗೆ ತಿಳಿಯದು. ಹೆಬ್ಬೆರಳನ್ನು ತನ್ನ ಕುತ್ತಿಗೆಗೆ ಅಂಟಿಸಿಕೊಂಡು, ಕೆನ್ನೆ ಒಳಕ್ಕೆಳೆದು, ಚೀಪಿ ತೋರಿಸಿದ. ನೆಗಡಿಯಿಂದಾಗಿ ಸದ್ದು ಇನ್ನೂ ಚೆನ್ನಾಗಿ ಬಂತು.

ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ. ಯಜಮಾನರ ಕೈ ಕುತ್ತಿಗೆಗೆ ಹೋಯಿತು. ಅಲ್ಲೇನೋ ಹರಿದಾಡಿದಂತೆ ಬೆರಳುಗಳು ಕೊರಳಪಟ್ಟಿಯನ್ನು ಹಿಸುಕಿ ಹಿಡಿದವು.

"ಏನೇ ಅಂದೆ, ಮುಂಡೆ? ನನ್ನ ಅಂಗಿ ಮೇಲೆ? ಇಪ್ಪತ್ತು ವರ್ಷ ನಮ್ಮ ಹಿತ್ತಿಲಲ್ಲಿ ಬಿದ್ದು ನಮ್ಮ ಅನ್ನ ತಿಂದು..."

ಮಾತು ಅಲ್ಲಿಗೆ ನಿಂತಿತು. ನಿಂತದ್ದು ಸ್ವಲ್ಪ ತಡವಾಗಿ. ದುಭಾಷಿ ಆಗಲೇ ಬಾಯಿ ತೆರೆದಿದ್ದ, ಕೂಲಿಗೆ ಮೋಸ ಮಾಡದೆ ಪ್ರತಿಯೊಂದು ಶಬ್ದವನ್ನೂ ತಿರುಗಿಸುತ್ತಿದ್ದ. ಕೌಂಟರಿನಾಕೆ ಸೀಲು ಬಿದ್ದ ಕಾಗದವನ್ನು ಹೊರತೆಗೆದು, ನೋಡಿದ ನೆನಪೇ ಇಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆದಳು. ಅವಳಿಗೆ ನಮ್ಮ ಮೇಲೆ ಕನಿಕರ ಬಂತೆಂದು ನನಗೆ ಅನ್ನಿಸಲಿಲ್ಲ. ಅವಳ ಮುಂದಿನ ಎರಡು ಕಾಗದ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ, ಅಷ್ಟೇ. ಇನ್ನೊಂದು ಪ್ಲಾಸ್ಟಿಕ್ ಚೀಲ ಬಿಡಿಸಿ ಇಟ್ಟಳು.

"ಸುಳ್ಳು ಹೇಳಿಕೆ ಕೊಟ್ಟೋರ ಸ್ವಂತ ಕಾರ್ಡೂ ತನಿಖೆಗೆ ಹೋಗುತ್ತಂತೆ," ಎಂದ ದುಭಾಷಿ ಸಭ್ಯವಾಗಿ. "ಹಿತ್ತಿಲಲ್ಲಿದ್ಲು ಅಂತ ನೀವೇ ಅಂದ್ರಲ್ಲ, ಅಂಗಿ ಬಿಚ್ಚಿ ಕೊಟ್ರೆ ಎರಡನೇ ಸಾಕ್ಷಿ ಆಯ್ತಂತೆ, ಸ್ವಾಮಿ."

"ನಾನು ಅಧ್ಯಕ್ಷ ಕಣಯ್ಯ!" ಯಜಮಾನರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಒಂದು ಕೈಯಲ್ಲಿ ಕೊರಳು ಹಿಡಿದುಕೊಂಡೇ ಬಾಗಿಲ ಕಡೆ ನಡೆದರು. ಜನ ದಾರಿ ಬಿಟ್ಟರು. ದಾರಿ ಬಿಡುವುದು ರೂಢಿ.

ಅತ್ತಿಗೆ ಬಿಡಲಿಲ್ಲ. ಅಡ್ಡ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಪ್ರತಿ ಸೋಮವಾರ ಅವಳು ದೊಡ್ಡಮನೆಯ ಹಿಂಬಾಗಿಲಿಗೆ ಮೂರು ಮಾರು ದೂರ ನಿಂತು, ಎರಡೂ ಕೈ ಮುಂದೆ ಚಾಚಿ, ಒಂದೇ ಮಾತು ಕೂಗಬೇಕಿತ್ತು. ಒಳಗಿನಿಂದ ಮೈಲಿಗೆ ಬಟ್ಟೆ ಎಸೆಯುತ್ತಿದ್ದರು. ಒಮ್ಮೊಮ್ಮೆ ಕೈಗೆ ಬೀಳುತ್ತಿತ್ತು, ಹೆಚ್ಚಿನ ಸಲ ಮುಖಕ್ಕೆ. ಈಗ ಅವಳಿಗೂ ಅವರಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅವಳು ಎರಡೂ ಕೈ ಚಾಚಿದಳು.

"ಯಜಮಾನ್ರೇ, ಬಟ್ಟೆ!"

ಇಡೀ ಹಾಲ್‌ಗೆ ಕೇಳಿಸಿತು. ಯಜಮಾನರು ಕೈಯೆತ್ತಿದರು. ಕಾವಲಿನವನು ಆ ಕೈಯನ್ನು ನೋಡುತ್ತಿದ್ದ. ಕೈ ಮೇಲೆಯೇ ನಿಂತಿತು, ಹೊಡೆಯಲೂ ಇಲ್ಲ, ಇಳಿಯಲೂ ಇಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನು ಆರು ನಿಮಿಷ.

"ಬೇಗ ಹಾಕಿ ಯಜಮಾನ್ರೇ," ಅಂದಳು ಅತ್ತಿಗೆ, ಚಾಚಿದ ಕೈ ಹಿಂದಕ್ಕೆಳೆಯದೆ. "ನನಗೂ ಹೊತ್ತಾಗುತ್ತೆ."