ಉಳಿದರ್ಧ ಸೀಟು

ಗುಂಟೂರಿನಲ್ಲಿ ಷೇರ್ ಆಟೋ ಓಡಿಸುವ ಕೋಟಯ್ಯನಿಗೆ ಕೆಮ್ಮಿದರೆ ಕಾಲು ನೋಯುತ್ತಿತ್ತು. ಗಂಟಲಿಗೂ ಕಾಲಿಗೂ ಅದೇನು ನೆಂಟಸ್ತನವೋ ಅವನಿಗೆ ಬಗೆಹರಿಯಲಿಲ್ಲ. ಬಲಗಾಲಾದ್ದರಿಂದ ಮೊದಲು ಬ್ರೇಕಿನ ಮೇಲೆ ಸಂಶಯಪಟ್ಟು ಪೆಡಲ್ ಬದಲಿಸಿದ. ಮೆಕ್ಯಾನಿಕ್ಕು ಚಪ್ಪಲಿ ಬದಲಿಸು ಎಂದ. ಹೆಂಡತಿ ರತ್ತಮ್ಮ ವಾಯುವೆಂದು ಬದನೆಕಾಯಿ ನಿಲ್ಲಿಸಿ ಬಿಸಿ ಎಣ್ಣೆ ತಿಕ್ಕಿದಳು. ನೋವು ಮಾತ್ರ ಕುಂಡೆಯಿಂದ ಹಿಮ್ಮಡಿಯವರೆಗೆ ತನ್ನ ರೂಟು ಬಿಡಲಿಲ್ಲ. ಮೊನ್ನೆ ಸಿಗ್ನಲ್ಲಿನಲ್ಲಿ ಕಾಲು ಜೋಮು ಹಿಡಿದು ಬ್ರೇಕು ತಡವಾದಾಗ ಹೆದರಿಬಿಟ್ಟ. ಈ ಕಾಲು ಹೋದರೆ ಆಟೋನೂ ಹೋದಂತೆಯೇ.

ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಮಲಗಿಸಿ ಕಾಲೆತ್ತಿದರು, ಕೂಗಿದ. ಆಮೇಲೆ ಸೊಂಟ ಒತ್ತಿದರು.

"ಅಮ್ಮಾ, ನೋವು ಕಾಲಲ್ಲಿ!"

"ಗೊತ್ತಪ್ಪ. ಸೊಂಟದ ಮೂಳೆಗಳ ನಡುವಿನ ಗಾದಿ ಜರುಗಿ ನರ ಅದುಮ್ತಿದೆ. ಕೆಮ್ಮಿದ್ರೆ ಇನ್ನೂ ಅದುಮುತ್ತೆ. ಆ ನರ ಹಿಮ್ಮಡಿ ತನಕ ಹೋಗುತ್ತೆ. ಅದುಮೋದು ಮೇಲೆ, ಕೂಗೋದು ಕೆಳಗೆ."

"ಹಂಗಾದ್ರೆ ಬ್ರೇಕು ಬದಲಿಸಿದ್ದು ದಂಡವಾ?"

"ಎದ್ದು ಕುರ್ಚೀಲಿ ಕೂತ್ಕೊ."

ಕೋಟಯ್ಯ ಕುರ್ಚಿಯ ಎಡತುದಿಗೆ ಸರಿದು, ಒಂದೇ ಕುಂಡೆಯೂರಿ, ಓರೆಯಾಗಿ ಕೂತ.

"ಉಳಿದರ್ಧ ಯಾರಿಗಯ್ಯಾ?"

ಅವನು ಬಗ್ಗಿ ನೋಡಿಕೊಂಡ. ಆಟೋದಲ್ಲಾದರೆ ಅದು ಬುಲ್ಲಯ್ಯನ ಜಾಗ. ರತ್ತಮ್ಮನ ಅಣ್ಣ, ಮೆಣಸಿನಕಾಯಿ ಯಾರ್ಡಿನ ಗುಮಾಸ್ತ. ಎಲೆಯಡಿಕೆ ಉಗುಳಲು ಅನುಕೂಲವೆಂದು ಹನ್ನೊಂದು ವರ್ಷದಿಂದ ಡ್ರೈವರ್ ಸೀಟಿನ ಬಲಭಾಗ ಅವನದೇ. ಕೋಟಯ್ಯ ಅದನ್ನೇ ಹೇಳಿದ.

"ಓರೆ ಕೂತಿದ್ದೊಂದೇ ಕಾರಣ ಅನ್ನಲ್ಲ. ಆದ್ರೆ ಹತ್ತು ದಿನ ಗಾಡಿ ಬಿಡು, ಆಮೇಲೆ ನಡುವೆ ನೆಟ್ಟಗೆ ಕೂರು. ಕಾಲು ಸೋತ್ರೆ ಓಡ್ಸೋ ಮಾತೇ ಇಲ್ಲ."

ಕಾಲಿಗಾಗಿ ಸೊಂಟ ನೋಡಬೇಕು, ಸೊಂಟಕ್ಕಾಗಿ ಭಾವನನ್ನು ಎಬ್ಬಿಸಬೇಕು. ಕೋಟಯ್ಯನ ತಲೆಯೇ ಜೋಮು ಹಿಡಿಯಿತು.

ಹನ್ನೊಂದನೆಯ ದಿನ ನಡುವೆ ಕೂತ. ಯಾರದೋ ಗಾಡಿ ಓಡಿಸಿದಂತಿತ್ತು. ಬುಲ್ಲಯ್ಯ ಬಂದು ಕಂಬಿ ಹಿಡಿದು ನಿಂತ.

"ಆ ಕಡೆ ಸರಿಯಯ್ಯಾ."

"ಹಿಂದೆ ಕೂತ್ಕೊ ಭಾವ. ನನ್ನ ಕಾಲಿಗೆ..."

"ನೋವು ನಿನ್ನ ಕಾಲಿಗೆ, ಶಿಕ್ಷೆ ನನಗಾ? ಕಾಲು ತಾನೇ ನೋಯೋದು, ಸೀಟಿಗೇನಾಗಿದೆ?"

"ನನಗೂ ಪೂರ್ತಿ ಅರ್ಥವಾಗಿಲ್ಲ ಭಾವ. ಆದ್ರೂ ಹಿಂದೆ ಕೂತ್ಕೊ."

ಬುಲ್ಲಯ್ಯ ಗೊಣಗುತ್ತ ಹಿಂದೆ ಹತ್ತಿದ. ಮಾರ್ಕೆಟ್ ತಿರುವು ದಾಟುವಷ್ಟರಲ್ಲಿ ಕೋಟಯ್ಯ ತನಗರಿವಿಲ್ಲದೆ ಎಡಕ್ಕೆ ಜಾರಿದ್ದ. ಪಕ್ಕದಲ್ಲಿ ಅರ್ಧ ಸೀಟು ಬರಿದಾಗಿತ್ತು. ನಡುವಿಗೆ ಸರಿದ. ಕೆಮ್ಮು ಬಂತು. ನೋವು ಚಳಕ್ಕೆಂದಿತು. ಈ ಸಲ ಅದು ಎಲ್ಲಿಂದ ಹೊರಟಿತೆಂದು ಗಮನಿಸಿದ. ಸೊಂಟದಿಂದಲೇ.