ಬೀಗ ಹಾಕುವ ದಿನ

ಮೇಷ್ಟ್ರ ದೇಹವನ್ನು ವ್ಯಾನಿನಿಂದ ಇಳಿಸಲು ಮುಂದೆ ಬಂದ ನಾಲ್ವರಲ್ಲಿ ಒಬ್ಬರ ಗುರುತೂ ಮಗಳಿಗೆ ಸಿಗಲಿಲ್ಲ.

"ಅಮ್ಮಾ, ಇವರೆಲ್ಲ ಯಾರು?"

"ನನಗೇನು ಗೊತ್ತು? ಕಾಲೇಜಿನವರಿರಬೇಕು."

ಕಾಲೇಜಿನವರು ಗೇಟಿನ ಹತ್ತಿರ ಬೇರೆಯಾಗಿಯೇ ನಿಂತಿದ್ದರು. "ಅಷ್ಟು ವರ್ಷ ಉದ್ಯಮಶೀಲತೆ, ನಾಯಕತ್ವ ಅಂತ ಪಾಠ ಮಾಡಿದ್ರು," ಪ್ರಿನ್ಸಿಪಾಲರು ದನಿ ತಗ್ಗಿಸಿದರು. "ಶಿಷ್ಯರು ಅಂಗಡಿ ತೆರೆದು ರಿಬ್ಬನ್ ಕತ್ತರಿಸೋಕೆ ಕರೆದ್ರೆ ಒಂದಕ್ಕೂ ಹೋಗ್ಲಿಲ್ಲ. ಅದೇನು ಬಿಗುಮಾನವೋ!"

ಅದೇ ಮಾತಿಗೆ ಮೇಷ್ಟ್ರ ಹೆಂಡತಿಯೂ ಎಷ್ಟೋ ಸಲ ಜಗಳ ತೆಗೆದಿದ್ದರು. ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಒಮ್ಮೊಮ್ಮೆ ಭಾನುವಾರ ಎಲ್ಲಿಗೋ ಹೋಗಿ, ಅಂಗಿಗೆಲ್ಲ ಧೂಳು ಮೆತ್ತಿಕೊಂಡು ಬರುತ್ತಿದ್ದರು. ಕೇಳಿದರೆ, "ಒಂದು ಕ್ಲಾಸಿತ್ತು."

ಗೋಡೆಗೊರಗಿ ಅಳುತ್ತಿದ್ದ ಹೆಂಗಸಿಗೆ ಮಗಳು ನೀರು ಕೊಟ್ಟಳು. "ಅಪ್ಪನ ಸ್ಟೂಡೆಂಟಾ ನೀವು?"

"ಹೂಂ. ಕೇಕ್ ಅಂಗಡಿ ಇಟ್ಟಿದ್ದೆ."

"ಅಪ್ಪ ಬಂದಿದ್ರಾ?"

"ಬಂದಿದ್ರು. ಮುಚ್ಚೋ ದಿನ."

*

ಷಟರ್ ಅರ್ಧ ಇಳಿದಿತ್ತು. ಕೇಕಿನವಳು ಏಣಿ ಹತ್ತಿ ಬೋರ್ಡ್ ಬಿಚ್ಚುತ್ತಿದ್ದಳು. ಅಕ್ಕಪಕ್ಕದವರು ಪುಕ್ಕಟೆ ನಾಟಕ ಸಿಕ್ಕಿತೆಂಬಂತೆ ನೋಡುತ್ತಿದ್ದರು. ಅಲುಗುತ್ತಿದ್ದ ಏಣಿ ತಟ್ಟನೆ ನಿಂತಿತು. ಕೆಳಗೆ ಮೇಷ್ಟ್ರು, ಅಂಗಿ ತೋಳು ಮಡಚಿಕೊಂಡು ಏಣಿ ಹಿಡಿದಿದ್ದರು.

"ಸರ್... ನಿಮ್ಮ ಹೆಸರು ಹಾಳು ಮಾಡ್ಬಿಟ್ಟೆ."

"ನನ್ನ ಹೆಸರು ನಿನ್ನ ಬೋರ್ಡಿನ ಮೇಲಿತ್ತಾ? ಇಳಿ, ಸ್ಕ್ರೂಡ್ರೈವರ್ ಕೊಡು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ತೆರೆಯೋ ದಿನ ಕರೆದ್ರೂ ಬರ್ಲಿಲ್ಲ. ಇವತ್ತು ಕರೀದೆ ಬಂದ್ರಿ?"

"ಅವತ್ತು ದಾರೀಲಿ ಹೋಗೋರೂ ಬಂದಿರ್ತಾರೆ ಕಣಮ್ಮ. ಇವತ್ತು ನೋಡು, ಏಣಿ ಹಿಡಿಯೋಕೂ ಒಬ್ಬರಿಲ್ಲ."

ಮರುದಿನ ಅವಳನ್ನು ತರಗತಿಗೆ ಕರೆಸಿ ತಮ್ಮ ಜಾಗದಲ್ಲಿ ನಿಲ್ಲಿಸಿದರು. ತಾವು ಮುಂದಿನ ಬೆಂಚಿನಲ್ಲಿ ಕೂತು ಕೈ ಎತ್ತಿದರು.

"ಮೇಡಂ, ಎಲ್ಲಿ ಎಡವಿದಿರಿ? ನಮಗೂ ಹೇಳಿ."

*

"ಮತ್ತೆ ಆ ನಾಲ್ವರು?" ಮಗಳು ಕೇಳಿದಳು.

"ಪ್ರೆಸ್ಸು, ಗೊಂಬೆ ಕಾರ್ಖಾನೆ, ಲಾಂಡ್ರಿ, ಔಷಧಿ ಅಂಗಡಿ. ಎಲ್ಲಾ ಮುಳುಗಿದ್ದೇ. ಮೊದಲು ಮುಚ್ಚಿದ್ದು ನಂದು. ಆಮೇಲೆ ಒಬ್ಬರದ್ದು ಮುಚ್ಚಿದಾಗ ಉಳಿದವರು ಸರ್ ಜೊತೆ ಹೋಗಿ ಬೋರ್ಡ್ ಇಳಿಸ್ತಿದ್ವಿ. ದಿವಾಳಿ ಬ್ಯಾಚು ಅಂತ ನಮಗೆ ನಾವೇ ಹೆಸರಿಟ್ಕೊಂಡಿದ್ವಿ." ಅವಳು ಕಣ್ಣೊರೆಸಿಕೊಂಡಳು. "ಈಗ ಮತ್ತೆ ಒಲೆ ಹಚ್ಚಿದೀನಿ. ಹಾಸ್ಟೆಲ್‌ಗಳಿಗೆ ಬ್ರೆಡ್ ಹಾಕ್ತೀನಿ."

ಹಿಂದೆ ಬಂದು ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನನಗಾದ್ರೂ ಹೇಳಬಹುದಿತ್ತಲ್ಲ?"

"ಸೋತವರ ಸುದ್ದಿ ಅವರ ಬಾಯಿಂದ್ಲೇ ಬರಬೇಕು ಅಂತಿದ್ರು, ಅಮ್ಮಾ," ಎಂದಳು ಕೇಕಿನವಳು.

ಹೆಂಡತಿ ಒಳಗೆ ಹೋದರು.

ದಹನ ಮುಗಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಕಾಲೇಜಿನವರ ಕಾರುಗಳು ಸ್ಮಶಾನದಿಂದಲೇ ಹೊರಟುಹೋಗಿದ್ದವು. ನಾಲ್ವರೂ ಅಂಗಳದಲ್ಲಿ ಕುರ್ಚಿ ಮಡಚಿ, ಶಾಮಿಯಾನದ ಹಗ್ಗ ಬಿಚ್ಚಿದರು. ಕೆಳಗೆ ಬಿದ್ದ ಉದ್ದನೆಯ ಬಟ್ಟೆಯ ಒಂದು ತುದಿ ಹಿಡಿದು ಕೇಕಿನವಳು ಸುತ್ತ ನೋಡಿದಳು.

ಹೆಂಡತಿ ಮೆಟ್ಟಿಲಿಳಿದು ಬಂದು ಇನ್ನೊಂದು ತುದಿ ಎತ್ತಿಕೊಂಡರು. ಇಬ್ಬರೂ ಬಟ್ಟೆಯನ್ನು ಒಮ್ಮೆ ಜೋರಾಗಿ ಕೊಡವಿದರು. ಆಮೇಲೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತ, ಒಬ್ಬರತ್ತ ಒಬ್ಬರು ನಡೆದು ಬಂದರು.